ಟರ್ಬೊ ಕಾರಿಗೆ ಆಯಿಲ್ ಕೂಲರ್ ಬೇಕೇ?

ಪ್ರಶ್ನೆ: ಶಿರಾಡಿ ಘಾಟಿ ಹತ್ತುವ ನನ್ನ ಟರ್ಬೊ ಕಾರಿಗೆ ಹೊರಗಿನ ಆಯಿಲ್ ಕೂಲರ್ ಹಾಕಿಸಲೇ?
– ಓದುಗರು, ಬೆಳಗೋಡು

ಉತ್ತರ: ಮೊದಲು ಆಯಿಲ್ ತಾಪ ತೋರಿಸುವ ಗೇಜ್ ಹಾಕಿಸಿ. ಗುಂಡ್ಯದಿಂದ ಮಾರನಹಳ್ಳಿಗೆ ಲಾರಿಗಳ ಹಿಂದೆ ಏರುವಾಗಲೂ 110 ಡಿಗ್ರಿ ಆಸುಪಾಸಿನಲ್ಲೇ ನಿಂತರೆ ಕೂಲರ್ ದಂಡದ ಖರ್ಚು. ಪದೇ ಪದೇ 130 ದಾಟಿದರೆ ಹಾಕಿಸಿ. ಆದರೆ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ಇರಲೇಬೇಕು. ಅದಿಲ್ಲದಿದ್ದರೆ ನಿಮ್ಮೂರಿನ ಮಳೆಗಾಲದ ಥಂಡಿಯಲ್ಲಿ ಆಯಿಲ್ ಸರಿಯಾಗಿ ಬಿಸಿಯೇರದೆ ನೀರಿನಂಶ ಒಳಗೇ ಉಳಿಯುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಮೈಗೆ ಮಜ್ಜಿಗೆ ಬಣ್ಣದ ಜಿಡ್ಡು ಅಂಟಿದ್ದರೆ ಬಹುತೇಕ ಅದೇ ಕಾರಣ. ಕೂಲರ್ ಗಾಳಿ ನೇರ ಬಡಿಯುವಲ್ಲಿ, ರಬ್ಬರ್ ಬುಶ್ ಮೇಲೆ ಕೂರಲಿ; ಹೋಸ್‌ಗಳು ಟರ್ಬೊದಿಂದ ದೂರವಿರಲಿ. ತೋಟದ ರಸ್ತೆಯ ಕೆಸರು ರೆಕ್ಕೆಗಳಲ್ಲಿ ಒಣಗುವ ಮುನ್ನ ತೊಳೆಯಿರಿ. ಜೋಡಿಸಿದ ದಿನ ಥರ್ಮೋಸ್ಟಾಟ್ ತೆರೆಯುವಷ್ಟು ಎಂಜಿನ್ ಬಿಸಿಮಾಡಿ, ಆರಿಸಿ, ಆಯಿಲ್ ಮಟ್ಟ ಮತ್ತೆ ನೋಡಿ. ಕೂಲರ್ ಹೀರಿಕೊಂಡಷ್ಟನ್ನು ತುಂಬಿಸಿ.