ಪುಸ್ತಕಪ್ರೀತಿಯ ಗುಟ್ಟು

ಪುಸ್ತಕವೆಂದರೇನು? ಬಿಳಿಯ ಕಾಗದದ ಮೇಲೆ ಕರಿಯ ಮಸಿಯಿಂದ ಅಚ್ಚಾದ ಅಕ್ಷರಗಳ ಸಾಲು. ಕೆಲವು ಹಾಳೆಗಳನ್ನು ಸೇರಿಸಿ ಹೊಲಿದ ಒಂದು ಕಟ್ಟು. ಹಣ್ಣಿನ ರುಚಿ ಅದಕ್ಕಿಲ್ಲ, ಹೂವಿನ ಪರಿಮಳವಿಲ್ಲ, ವೀಣೆಯ ನಾದವಿಲ್ಲ. ಆದರೂ ಅದನ್ನು ಕೈಗೆತ್ತಿಕೊಂಡವರು ಹಸಿವನ್ನು ಮರೆಯುತ್ತಾರೆ. ತಾಯಿ ಊಟಕ್ಕೆ ಮೂರು ಸಲ ಕರೆದರೂ ಕೇಳಿಸದವರಂತೆ ಕುಳಿತಿರುತ್ತಾರೆ. ಈ ಒಲವು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸಿ ನೋಡೋಣ.

ಜ್ಞಾನಕ್ಕಾಗಿ ಓದುತ್ತೇವೆ ಎಂದು ಕೆಲವರು ಹೇಳುವರು. ಹೊತ್ತು ಹೋಗಲೆಂದು ಓದುತ್ತೇವೆ ಎಂದು ಮತ್ತೆ ಕೆಲವರು. ಎರಡೂ ಸುಳ್ಳಲ್ಲ. ಆದರೆ ಜ್ಞಾನವೊಂದೇ ಕಾರಣವಾಗಿದ್ದರೆ ಪರೀಕ್ಷೆ ಮುಗಿದ ಮಾರನೆಯ ದಿನವೇ ಎಲ್ಲರೂ ಪುಸ್ತಕಗಳನ್ನು ಕಟ್ಟಿಡಬೇಕಾಗಿತ್ತು. ಹೊತ್ತು ಕಳೆಯುವುದಷ್ಟೇ ಉದ್ದೇಶವಾಗಿದ್ದರೆ, ಕೊನೆ ಏನೆಂದು ಬಲ್ಲ ಕಥೆಯನ್ನು ಯಾರೂ ಎರಡನೆಯ ಸಲ ಓದುತ್ತಿರಲಿಲ್ಲ. ಆದುದರಿಂದ ಕಾರಣವನ್ನು ಇನ್ನೂ ಆಳದಲ್ಲಿ ಹುಡುಕಬೇಕು.

ಮೊದಲು ಒಂದು ಸಂಗತಿಯನ್ನು ತಿಳಿಯತಕ್ಕದ್ದು. ಮಾತು ನಮಗೆ ತಾಯಿಯ ಮಡಿಲಲ್ಲಿಯೇ ಬರುತ್ತದೆ. ಓದು ಹಾಗೆ ಬರುವುದಿಲ್ಲ. ಮನುಷ್ಯನು ಬರೆಯಲು ಕಲಿತು ಸುಮಾರು 5000 ವರ್ಷಗಳಾದವು. ಮಾನವಕುಲದ ದೀರ್ಘ ಆಯುಷ್ಯದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಆದುದರಿಂದ ನಮ್ಮ ಮೆದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಮೀಸಲಾದ ಸ್ಥಳವಿಲ್ಲ. ವಸ್ತುಗಳ ಆಕಾರವನ್ನು ಗುರುತಿಸುವ ಭಾಗವೊಂದನ್ನು ಅಭ್ಯಾಸದಿಂದ ಪಳಗಿಸಿ, ಅಕ್ಷರಗಳ ಗುರುತು ಹಿಡಿಯುವ ಕೆಲಸಕ್ಕೆ ಹಚ್ಚಬೇಕಾಗುತ್ತದೆ. ಓದುವಾಗ ಕಣ್ಣು ಸಾಲಿನ ಮೇಲೆ ಎಡೆಬಿಡದೆ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಅದು ಚಿಕ್ಕಚಿಕ್ಕ ನೆಗೆತಗಳಿಂದ ಸಾಗುತ್ತದೆಂದು ಫ್ರಾನ್ಸಿನ ನೇತ್ರವೈದ್ಯ ಲೂಯಿ ಎಮಿಲ್ ಜವಾಲನ ಬಳಿ 1879ರ ಸುಮಾರಿಗೆ ನಡೆದ ಪರಿಶೀಲನೆಗಳಿಂದ ತಿಳಿದುಬಂದಿತು. ಕಣ್ಣು ಒಂದೆಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ.

ಹೊಸದಾಗಿ ಓದಲು ಕಲಿಯುವ ಮಗುವಿಗೆ ಇದೆಲ್ಲವೂ ಶ್ರಮವೇ. ಒತ್ತಕ್ಷರ ಬಂದಲ್ಲಿ ಎಡವುತ್ತದೆ, ಸಾಲು ತಪ್ಪುತ್ತದೆ. ಅಭ್ಯಾಸ ಹೆಚ್ಚಿದಂತೆ ಶ್ರಮವು ಕರಗಿ, ಅಕ್ಷರಗಳೇ ಕಣ್ಣಿಗೆ ಕಾಣದಂತಾಗುತ್ತವೆ. ಅವು ಹೇಳುವ ಕಾಡು, ನದಿ, ಮನುಷ್ಯರು ಮಾತ್ರ ಕಾಣುತ್ತಾರೆ. ಓದು ನೀರಸವೆಂದು ಹೇಳುವವರಲ್ಲಿ ಅನೇಕರು ಈ ಹೊಸ್ತಿಲನ್ನು ದಾಟುವ ಮೊದಲೇ ಹಿಂದಿರುಗಿದವರು.

ಹೊಸ್ತಿಲನ್ನು ದಾಟಿದವರಿಗೆ ಒಳಗೆ ದೊರೆಯುವುದೇನು? ‘ಮಳೆ’ ಎಂಬ ಮಾತನ್ನೇ ತೆಗೆದುಕೊಳ್ಳಿರಿ. ಲೇಖಕನು ಬರೆದುದು ಎರಡೇ ಅಕ್ಷರ. ಅದನ್ನು ಓದಿದ ಮುಂಬಯಿಯ ಬಾಲಕನ ಕಣ್ಣಿಗೆ ಹಿಂದಮಾತಾದ ಬಳಿ ಮೊಣಕಾಲುದ್ದ ನಿಂತ ನೀರು ಕಂಡೀತು. ರಜೆಯಲ್ಲಿ ಉಡುಪಿಯ ಅಜ್ಜನ ಮನೆಗೆ ಹೋಗಿಬಂದ ಬಾಲಕಿಗೆ ಹಂಚಿನ ಮಾಡಿನಿಂದ ಸುರಿಯುವ ನೀರಧಾರೆಯೂ ಅಡಕೆಯ ತೋಟವೂ ತೋರಿಯಾವು. ವಿಜಯಪುರದ ಕಡೆಯವರಿಗೆ ಬಿರುಕುಬಿಟ್ಟ ಕರಿನೆಲದ ಮೇಲೆ ಮೊದಲ ಹನಿ ಬಿದ್ದಾಗಿನ ಮಣ್ಣಿನ ವಾಸನೆ ಬಂದೀತು. ಚಲಚ್ಚಿತ್ರದಲ್ಲಾದರೆ ಎಲ್ಲರೂ ಒಂದೇ ಮಳೆಯನ್ನು ನೋಡುತ್ತಾರೆ. ಪುಸ್ತಕದಲ್ಲಿ ಪ್ರತಿಯೊಬ್ಬನೂ ತನ್ನ ಮಳೆಯನ್ನು ತಾನೇ ಸುರಿಸಿಕೊಳ್ಳಬೇಕು. ಲೇಖಕನು ಕೊಡುವುದು ಅರ್ಧ. ಉಳಿದರ್ಧವನ್ನು ತುಂಬುವವನು ಓದುಗ. ತನ್ನ ಕೈಯಾರೆ ಬೆಳೆಸಿದ ಗಿಡದ ಮೇಲೆ ಮಮತೆ ಹುಟ್ಟುವಂತೆ, ತನ್ನ ಮನಸ್ಸಿನಿಂದ ಪೂರ್ಣಗೊಳಿಸಿದ ಪುಸ್ತಕದ ಮೇಲೆಯೂ ಮಮತೆ ಹುಟ್ಟುತ್ತದೆ. ಪುಸ್ತಕಪ್ರೀತಿಯ ಮುಖ್ಯವಾದ ಗುಟ್ಟು ಇದು.

ಇನ್ನೊಂದು ಕಾರಣವುಂಟು. ಲೋಕಲ್ ಗಾಡಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರ ಮನಸ್ಸಿನಲ್ಲೇನಿದೆ ಎಂಬುದು ನಮಗೆ ತಿಳಿಯದು. ಒಬ್ಬನಿಗೆ ಕೆಲಸ ಹೋಗಿರಬಹುದು. ಮತ್ತೊಬ್ಬನಿಗೆ ಮಗಳು ಹುಟ್ಟಿರಬಹುದು. ಇತರರ ಅಂತರಂಗವನ್ನು ಹೊಕ್ಕು ನೋಡಲು ಕಥೆ ಕಾದಂಬರಿಗಳು ನಮಗೆ ಬಾಗಿಲು ತೆರೆಯುತ್ತವೆ. ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದು, 2014ರಲ್ಲಿ ಇಲ್ಲಿಯೇ ತೀರಿಕೊಂಡರು. ತಮ್ಮ ಹಳ್ಳಿಯನ್ನು ಅವರು ಈ ಮಹಾನಗರದಲ್ಲಿ ಕುಳಿತೇ ಕಥೆಗಳಲ್ಲಿ ಕಟ್ಟಿದರು. ಅವರ ‘ಶಿಕಾರಿ’ ಕಾದಂಬರಿಯಲ್ಲಿ ಇದೇ ನಗರದ ದೊಡ್ಡ ಕಂಪನಿಯೊಂದರ ಅಧಿಕಾರಿಯ ಭಯ, ಸಂಶಯ, ಒಂಟಿತನಗಳು ಬರುತ್ತವೆ. ಹನೇಹಳ್ಳಿಯನ್ನು ನೋಡದವನಿಗೂ ಅದು ತನ್ನ ಊರೆನಿಸುತ್ತದೆ. ಆ ಅಧಿಕಾರಿಯ ಭಯವು ತನ್ನ ಎದೆಯಲ್ಲಿಯೇ ಬಡಿದುಕೊಳ್ಳುತ್ತದೆ. ಹೀಗೆ ಓದಿದವನು ನೆರೆಯವನನ್ನು ನೋಡುವ ದೃಷ್ಟಿ ಮೊದಲಿನಂತೆಯೇ ಉಳಿಯುವುದು ಕಷ್ಟ.

ಪ್ರೀತಿಸಿದ ವಸ್ತುವನ್ನು ಹಂಚಿಕೊಳ್ಳಬೇಕೆಂಬುದು ಮನುಷ್ಯನ ಸ್ವಭಾವ. ಹತ್ತನೆಯ ಶತಮಾನದಲ್ಲಿದ್ದ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆಗ ಅಚ್ಚಿನ ಯಂತ್ರವಿರಲಿಲ್ಲ. ತಾಳೆಯ ಗರಿಯನ್ನು ಹದಗೊಳಿಸಿ, ಕಬ್ಬಿಣದ ಮೊನೆಯಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೊಡೆದು, ದಾರ ಪೋಣಿಸಿ ಕಟ್ಟಬೇಕಾಗಿತ್ತು. ಸಾವಿರ ಪ್ರತಿಗಳಿಗೆ ಎಷ್ಟು ಜನರ ಎಷ್ಟು ದಿನಗಳ ದುಡಿಮೆ ಬೇಕಾಗಿದ್ದೀತೆಂಬುದನ್ನು ನೀವೇ ಊಹಿಸಿರಿ. ನಮಗೆ ಸಮೀಪದ ಕಾಲಕ್ಕೆ ಬಂದರೆ, ಗಳಗನಾಥರೆಂಬ ಹೆಸರಿನಿಂದ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದಿನ ರುಚಿ ಹತ್ತಬೇಕೆಂಬುದೇ ಅವರ ಹಂಬಲವಾಗಿತ್ತು.

ಹೀಗೆ ಕೊಟ್ಟ ಒಂದು ಪುಸ್ತಕವು ಏನನ್ನು ಮಾಡಬಲ್ಲದು? ಅದಕ್ಕೆ ಉತ್ತರವು ನಮ್ಮ ಮುಂಬಯಿಯಲ್ಲಿಯೇ ಇದೆ. ಡಾ. ಬಾಬಾಸಾಹೇಬ ಅಂಬೇಡ್ಕರರು ಬಾಲ್ಯದಲ್ಲಿ ಪರೇಲಿನ ಚಾಳೊಂದರ ಒಂದೇ ಕೋಣೆಯಲ್ಲಿದ್ದುಕೊಂಡು ಓದಿದವರು. ಅಡುಗೆ, ಮಲಗುವುದು, ಅಭ್ಯಾಸ ಎಲ್ಲವೂ ಅದೇ ಕೋಣೆಯಲ್ಲಿ ನಡೆಯಬೇಕು. ಮನೆಯವರೆಲ್ಲ ಮಲಗಿ ನಿಶ್ಶಬ್ದವಾದ ರಾತ್ರಿ ಎರಡು ಗಂಟೆಗೆ ತಂದೆ ರಾಮಜಿಯವರು ಮಗನನ್ನು ಓದಿಗೆ ಎಬ್ಬಿಸುತ್ತಿದ್ದರು. ಮಗನು ಕೇಳಿದ ಪುಸ್ತಕಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ, ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೇಳಿಯಾದರೂ ತರುತ್ತಿದ್ದರು. ಆ ಬಾಲಕನು ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದಾಗ ಕೃಷ್ಣಾಜಿ ಅರ್ಜುನ ಕೇಳೂಸ್ಕರರೆಂಬ ವಿದ್ವಾಂಸರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಅವನಿಗೆ ಬಹುಮಾನವಾಗಿ ಕೊಟ್ಟರು. ಬುದ್ಧನ ಕಡೆಗೆ ತಮ್ಮ ಮನಸ್ಸು ತಿರುಗಲು ಆ ಪುಸ್ತಕವು ಮೊದಲಾಯಿತೆಂದು ಅಂಬೇಡ್ಕರರೇ ಮುಂದೆ ಸ್ಮರಿಸಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ದಾದರದ ಹಿಂದೂ ಕಾಲನಿಯಲ್ಲಿರುವ ಅವರ ಮನೆ ‘ರಾಜಗೃಹ’ವು ಅವರ ಗ್ರಂಥಭಂಡಾರದಿಂದ ಹೆಸರಾಯಿತು. ಮನೆ ಚಿಕ್ಕದು, ಓದಲು ಸ್ಥಳವಿಲ್ಲ ಎಂಬ ಮಾತು ನಮ್ಮ ಬಾಯಿಗೆ ಬಂದಾಗ ಆ ಒಂದು ಕೋಣೆಯನ್ನು ನೆನೆಯಬೇಕು.

ವಿದ್ಯಾರ್ಥಿಮಿತ್ರರೇ, ಇನ್ನು ನಮಗೆ ಮಾತ್ರ ಸಂಬಂಧಿಸಿದ ಒಂದು ವಿಷಯವನ್ನು ಹೇಳಬೇಕು. ಊರಿನಲ್ಲಿರುವ ಮಕ್ಕಳಿಗೆ ಕನ್ನಡವು ಸಂತೆಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ, ಜಗಳದಲ್ಲಿ ಸಹ ಕಿವಿಗೆ ಬೀಳುತ್ತದೆ. ನಮಗೆ ಬೀದಿಯಲ್ಲಿ ಮರಾಠಿ, ಹಿಂದಿ. ಕಚೇರಿಯ ಕಾಗದದಲ್ಲಿ ಇಂಗ್ಲಿಷು. ಮನೆಯಲ್ಲಿ ಆಡುವ ಕನ್ನಡವು ಊಟ, ನಿದ್ರೆ, ಸ್ನಾನಗಳಿಗೆ ಸಾಕಾಗುತ್ತದೆ. ಆದರೆ ಮನಸ್ಸಿನ ಸಂಕಟವನ್ನು ತೋಡಿಕೊಳ್ಳಲು, ನ್ಯಾಯಕ್ಕಾಗಿ ವಾದಿಸಲು, ವಿಜ್ಞಾನದ ತತ್ತ್ವವೊಂದನ್ನು ವಿವರಿಸಲು ಅಷ್ಟು ಮಾತುಗಳು ಸಾಲವು. ಬೆಳೆದುನಿಂತ ಪೂರ್ಣ ಕನ್ನಡವು ನಮಗೆ ದೊರೆಯುವ ಮುಖ್ಯ ಸ್ಥಳವೆಂದರೆ ಪುಸ್ತಕ. ಅದನ್ನು ಮುಚ್ಚಿಟ್ಟರೆ ತಾಯ್ನುಡಿಯು ನಮ್ಮಲ್ಲಿ ಅಡುಗೆಮನೆಯ ಮಾತಾಗಿ ಉಳಿದು, ನಮ್ಮ ಮಕ್ಕಳಲ್ಲಿ ಅಷ್ಟೂ ಉಳಿಯದೆ ಹೋದೀತು. ಮರಾಠಿಯನ್ನೂ ಓದೋಣ, ಇಂಗ್ಲಿಷನ್ನೂ ಓದೋಣ. ಆದರೆ ಶಾಲೆಯ ಕಪಾಟಿನಲ್ಲಿರುವ ಕನ್ನಡ ಪುಸ್ತಕಗಳನ್ನು ನಾವು ತೆರೆಯದಿದ್ದರೆ ಈ ನಗರದಲ್ಲಿ ಮತ್ತಾರು ತೆರೆಯುವರು?

ಓದಿನ ಅಭ್ಯಾಸಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ದಿನಕ್ಕೆ ಹತ್ತು ಪುಟ ಸಾಕು. ಆ ಹೊತ್ತಿನಲ್ಲಿ ಮೊಬೈಲ್ ಫೋನು ಬೇರೆ ಕೋಣೆಯಲ್ಲಿರಲಿ. ಒಂದೇ ಕೋಣೆಯ ಮನೆಯಾದರೆ ಅಮ್ಮನ ಕೈಯಲ್ಲಿರಲಿ. ಕೈಗೆತ್ತಿಕೊಂಡ ಪುಸ್ತಕವು ರುಚಿಸದಿದ್ದರೆ ಅದನ್ನು ಗೌರವದಿಂದ ಹಿಂದಿರುಗಿಸಿ ಇನ್ನೊಂದನ್ನು ತರಬಹುದು. ಒಂದು ಪುಸ್ತಕ ಹಿಡಿಸಲಿಲ್ಲವೆಂದು ಓದನ್ನೇ ಬಿಡಬಾರದು. ತಿಳಿಯದ ಶಬ್ದ ಬಂದರೆ ಅಜ್ಜಿಯನ್ನು ಕೇಳಿರಿ, ಅವರಿಗೂ ಸಂತೋಷವಾದೀತು. ಮೆಚ್ಚಿದ ಭಾಗವನ್ನು ತಮ್ಮ ತಂಗಿಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಪುಸ್ತಕದ ಉಳಿದರ್ಧವನ್ನು ತುಂಬುವ ಕೆಲಸ ನಿಮ್ಮದು. ಈ ವರ್ಷವೇ ಅದನ್ನು ಆರಂಭಿಸಿರಿ.