ಕೊಂಡಿ ಉಳಿಯಿತು, ಧ್ವನಿ ಅಳಿಯಿತು

ಮನೆತನದ ಹಿರಿಯರ ಚರಿತ್ರೆಯನ್ನು ಚಿತ್ರಸಮೇತ ಬರೆದು, ಅದನ್ನು ಪಿಡಿಎಫ್ ಕಡತವನ್ನಾಗಿಸಿ ದೂರದೂರಿನ ಬಂಧುಗಳಿಗೆ ಕಳುಹಿಸುವ ಪರಿಪಾಠ ಈಗ ನಮ್ಮ ಮನೆಗಳಲ್ಲಿ ಬೆಳೆದಿದೆ. ಇದು ಸಂತೋಷದ ಸಂಗತಿ. ಕೆಲವರು ಅದಕ್ಕೆ ವೀಡಿಯೊವನ್ನೂ ಸೇರಿಸುತ್ತಾರೆ. ಆದರೆ ಸೇರಿಸುವುದೆಂದರೆ ಏನೆಂದು ನಾವು ಯೋಚಿಸುವುದು ವಿರಳ.

ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಅಜ್ಜ ಅಜ್ಜಿಯರ ವಿವಾಹದ ಸುವರ್ಣ ಮಹೋತ್ಸವಕ್ಕೆ ಇಂಥದೊಂದು ಸಂಚಿಕೆ ಸಿದ್ಧವಾಗಿತ್ತು. ಅದರಲ್ಲಿದ್ದ ಅಜ್ಜಿಯ ಭಾವಚಿತ್ರವನ್ನು ಒತ್ತಿದರೆ, ಅವರು ಮೊಮ್ಮಕ್ಕಳನ್ನು ಹರಸುವ ದೃಶ್ಯ ಮೂಡುತ್ತಿತ್ತು. ಕೆಲವು ವರ್ಷಗಳ ಬಳಿಕ ಅಜ್ಜಿ ತೀರಿಕೊಂಡರು. ಅವರ ಮೊದಲ ವರ್ಷಾಂತಿಕದ ದಿನ ಎಲ್ಲರೂ ಕೂಡಿ ಸಂಚಿಕೆಯನ್ನು ತೆರೆದರೆ, ‘ವೀಡಿಯೊ ಲಭ್ಯವಿಲ್ಲ’ ಎಂಬ ಅಕ್ಷರಗಳಷ್ಟೇ ಕಂಡವು. ವೀಡಿಯೊವನ್ನು ಇರಿಸಿದ್ದ ಅಂತರ್ಜಾಲ ಖಾತೆ ಮುಚ್ಚಿಹೋಗಿತ್ತು. ಮೂಲಪ್ರತಿಯಿದ್ದ ಫೋನ್ ಎಂದೋ ಕೆಟ್ಟಿತ್ತು. ಮುದುಕರಾದ ಅಜ್ಜ ಮತ್ತೆ ಮತ್ತೆ ಆ ಚಿತ್ರವನ್ನು ಒತ್ತುತ್ತಿದ್ದರು. ಸಂತೈಸಲು ನಮ್ಮಲ್ಲಿ ಮಾತಿರಲಿಲ್ಲ.

ವಸ್ತು ಬೇರೆ, ಅದನ್ನು ಸೂಚಿಸುವ ಸಂಕೇತ ಬೇರೆ ಎಂದು ಸಂತ ಅಗಸ್ಟೀನರು ವಿವೇಚಿಸಿದ್ದಾರೆ. ಆ ಸಂಚಿಕೆಯಲ್ಲಿದ್ದುದು ಅಜ್ಜಿಯ ಧ್ವನಿಯಲ್ಲ, ಧ್ವನಿ ಇದ್ದ ಜಾಗದ ವಿಳಾಸ ಮಾತ್ರ. ಇದೇ ಕೊಂಡಿ. ವೀಡಿಯೊವನ್ನೇ ಕಡತದೊಳಗೆ ಅಡಕಗೊಳಿಸುವುದು ಇನ್ನೊಂದು ಕ್ರಮ. 1993ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಪಿಡಿಎಫ್‌ನಲ್ಲಿ, 2003ರ 1.5ನೇ ಆವೃತ್ತಿಯಿಂದ ಇದಕ್ಕೆ ಉತ್ತಮ ಅನುಕೂಲ ದೊರೆಯಿತು. ಪವರ್‌ಪಾಯಿಂಟ್‌ನಲ್ಲಿ 2007ರ ಆವೃತ್ತಿಯವರೆಗೆ ವೀಡಿಯೊಗೆ ಕೊಂಡಿಯಷ್ಟೇ ಇರುತ್ತಿತ್ತು. 2010ರ ಆವೃತ್ತಿಯಿಂದ ವೀಡಿಯೊವೇ ಒಳಗೆ ಸೇರತೊಡಗಿತು.

ಹಾಗೆಂದು ಅಡಕಗೊಳಿಸಿದರೆ ಚಿಂತೆಯಿಲ್ಲವೆಂದು ಭಾವಿಸಬಾರದು. ಮೊದಲನೆಯದಾಗಿ, ಕಡತ ಭಾರವಾಗುತ್ತದೆ. ಸಾಮಾನ್ಯ ಜಿಮೇಲ್ ಖಾತೆಯಿಂದ 25 ಎಂಬಿಗಿಂತ ದೊಡ್ಡ ಲಗತ್ತನ್ನು ಕಳುಹಿಸಲಾಗದು. ಎರಡನೆಯದಾಗಿ, ಪಿಡಿಎಫ್ ತೆರೆಯುವ ಹಲವು ಫೋನ್‌ಗಳಲ್ಲಿ ಒಳಗಿನ ವೀಡಿಯೊ ಓಡುವುದಿಲ್ಲ. ಮೂರನೆಯದಾಗಿ, ಓಡಿಸುವ ತಂತ್ರಾಂಶವೇ ಕಣ್ಮರೆಯಾಗಬಹುದು. 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲ ಕೊನೆಗೊಂಡ ಮೇಲೆ, ಅದನ್ನೇ ನಂಬಿದ್ದ ಕಡತಗಳ ವೀಡಿಯೊಗಳು ಮೂಕವಾದವು. ದೀರ್ಘಕಾಲ ಕಾಪಿಡಬೇಕಾದ ದಾಖಲೆಗಳಿಗಾಗಿ 2005ರಲ್ಲಿ ರೂಪಿಸಲಾದ ಪಿಡಿಎಫ್/ಎ ಎಂಬ ಮಾನದಂಡವಂತೂ ಧ್ವನಿ ಮತ್ತು ವೀಡಿಯೊಗಳನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಹಂಚುವ ಅನುಕೂಲಕ್ಕೆ ಕೊಂಡಿ ಇರಲಿ. ಜೊತೆಗೆ ವೀಡಿಯೊವನ್ನು ಎಂಪಿ4 ರೂಪದಲ್ಲಿ ಪ್ರತ್ಯೇಕವಾಗಿ, ಕನಿಷ್ಠ ಎರಡು ಮನೆಗಳಲ್ಲಿ ಕಾಪಾಡಿರಿ. ಮುಖ್ಯವಾಗಿ, ಅದರಲ್ಲಿ ಹಿರಿಯರು ಆಡಿದ ಮಾತುಗಳನ್ನು ಅವರದೇ ನುಡಿಯಲ್ಲಿ ಪುಟದ ಮೇಲೆ ಬರೆದಿಡಿರಿ. ವೀಡಿಯೊ ನಿಂತರೂ ಓದುವವರಿಗೆ ಮಾತು ಉಳಿದೀತು.

ಆ ಮನೆಯಲ್ಲಿ ಈಗ ಆ ಕೆಲಸ ನಡೆದಿದೆ. ಅಜ್ಜಿ ಅಂದು ಹೇಳಿದ್ದನ್ನು ಅಜ್ಜ ನೆನೆನೆನೆದು ಹೇಳುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ನಿಮ್ಮ ಮನೆಯ ಹಿರಿಯರು ಇನ್ನೂ ನಿಮ್ಮೊಂದಿಗಿದ್ದರೆ, ಈ ಭಾನುವಾರವೇ ಅವರ ಬಳಿ ಕುಳಿತುಕೊಳ್ಳಿ.