ಡಿಪ್ಲೊಮಾ ಮ್ಯಾಥ್ಸ್ ಪುಸ್ತಕ ಮಾರಬೇಡ್ರಪ್ಪಾ

ಕಳೆದ ತಿಂಗಳು ಊರಿಗೆ, ಅಂದ್ರೆ ಕೊಟ್ಟೂರಿಗೆ ಹೋಗಿದ್ದೆ. ಸಂಜೆ ಚಿಕ್ಕಪ್ಪನ ಮಗ ಮಂಡಕ್ಕಿ-ಮಿರ್ಚಿ ತಿನ್ನೋಣ ಬಾ ಅಂತ ಕರ್ಕೊಂಡು ಹೋದ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದಲ್ಲಿ ಈಗಷ್ಟೇ ಮೊದಲ ವರ್ಷ ಮುಗಿಸಿದ್ದಾನೆ. ಎರಡನೇ ಮಿರ್ಚಿಗೆ ಕೈ ಹಾಕ್ತಾ, "ಅಣ್ಣ, ಮ್ಯಾಥ್ಸ್ ಮುಗೀತು ನಂದು. ಇನ್ನ ಎರಡು ವರ್ಷಾನೂ ಮ್ಯಾಥ್ಸ್ ಇಲ್ಲ. ಜೂನಿಯರ್ ಒಬ್ಬ ಪುಸ್ತಕ ಕೇಳಾಕತ್ಯಾನ, ಕೊಟ್ಟುಬಿಡ್ಲಾ?" ಅಂದ.

ನನಗೆ ಮಿರ್ಚಿ ಖಾರ ನೆತ್ತಿಗೇರಿತು. ಯಾಕಂದ್ರೆ 2012ರಲ್ಲಿ ನಾನು ಮಾಡಿದ್ದೂ ಇದನ್ನೇ.

ನಮ್ಮ ಕಡೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿ ಹೋದ್ರೂ ಎಸ್ಸೆಸ್ಸೆಲ್ಸಿ ಮುಗಿದ ಮನೆಯಲ್ಲಿ ಒಂದೇ ಚರ್ಚೆ: ಪಿಯು ಸೈನ್ಸಾ, ಡಿಪ್ಲೊಮಾನಾ? ಮೆಕ್ಕೆಜೋಳ, ಶೇಂಗಾ ನಂಬಿಕೊಂಡ ಮನೆಗಳಿಗೆ ಡಿಪ್ಲೊಮಾ ಧೈರ್ಯ ಕೊಡುತ್ತೆ. ಇಂಜಿನಿಯರಿಂಗ್ ಸಿಗದಿದ್ರೂ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತಲ್ಲ! ಲೆಕ್ಕ ಹಾಕಿದ್ರೆ ವರ್ಷವೂ ನಷ್ಟವಿಲ್ಲ. ಪಿಯು ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿ ಬಿಇ ಮೂರು, ಅದೂ ಆರೇ. ನನ್ನ ಅಪ್ಪ ಒಪ್ಪಿದ್ದು ಈ ಲೆಕ್ಕಕ್ಕೇ.

ಲೆಕ್ಕದಲ್ಲಿ ಯಾರೂ ಹೇಳದ ಒಂದು ವಿಷಯವಿತ್ತು. ಡಿಪ್ಲೊಮಾದಲ್ಲಿ ಮ್ಯಾಥ್ಸ್ ಮೊದಲ ವರ್ಷಕ್ಕೇ ಮುಗಿಯುತ್ತೆ. ನನ್ನ ಕಾಲದಲ್ಲಿ ಅಪ್ಲೈಡ್ ಮ್ಯಾಥ್ಸ್ ಒಂದು ಮತ್ತು ಎರಡು ಇದ್ದವು, ಎರಡು ಸೆಮಿಸ್ಟರ್‌ಗೆ ಕತೆ ಮುಗೀತು. ಆಮೇಲೆ ಎರಡು ವರ್ಷ ಇಂಟಿಗ್ರೇಶನ್ ಚಿಹ್ನೆಯ ಮುಖ ಸಹ ನೋಡಿರಲಿಲ್ಲ. ಡಿಸಿಇಟಿ ಬಂದಾಗ ತಿಂಗಳೊಪ್ಪತ್ತು ಸೂತ್ರ ಉರು ಹೊಡೆದೆ. ರ‍್ಯಾಂಕ್ ಪರವಾಗಿಲ್ಲ ಅನ್ನೋ ಹಾಗೆ ಬಂತು, ಬೆಂಗಳೂರಿನ ಒಂದು ಕಾಲೇಜಲ್ಲಿ ಸೀಟೂ ಸಿಕ್ತು.

2014ರಲ್ಲಿ ಮೂರನೇ ಸೆಮಿಸ್ಟರ್‌ಗೆ ಹೋಗಿ ಕೂತಾಗ ಪಾಠ ಶುರುವಾಗಿ ಮೂರು ವಾರ ಕಳೆದಿತ್ತು. ಬೋರ್ಡ್ ಮೇಲೆ ಫೋರಿಯರ್ ಸೀರೀಸ್ ನಡೀತಿತ್ತು. ಎಕ್ಸ್ ಸ್ಕ್ವೇರ್ ಇಂಟು ಕಾಸ್ ಎನ್‌ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಬೇಕು. ಪಿಯುನಿಂದ ಬಂದವರು ಭಾಗ ಭಾಗವಾಗಿ ಇಂಟಿಗ್ರೇಟ್ ಮಾಡೋದನ್ನ ಎರಡು ಸಾಲಲ್ಲಿ ಮುಗಿಸಿ ಪೆನ್ ಕೆಳಗಿಡ್ತಿದ್ರು. ನಾನು ಮೊದಲ ಸಾಲಲ್ಲೇ ಇದ್ದೆ. ನಮಗೆ ಕಷ್ಟ ಆಗಿದ್ದು ಫೋರಿಯರ್ ಅಲ್ಲ, ಅದರ ಕೆಳಗಿನ ಮೆಟ್ಟಿಲು.

ಈ ಕೊರತೆ ವಿಟಿಯುಗೂ ಗೊತ್ತು. ಅದಕ್ಕೇ ಲ್ಯಾಟರಲ್ ಎಂಟ್ರಿಯವರಿಗೆ ಬೇರೆ ಗಣಿತ ಪೇಪರ್ ಇಟ್ಟಿದೆ. ನಮ್ಮ 2010ರ ಸ್ಕೀಮಿನಲ್ಲಿ ಅದರ ಕೋಡ್ ಮ್ಯಾಟ್‌ಡಿಪ್ 301 ಮತ್ತು 401. 2018ರ ಸ್ಕೀಮಿನಲ್ಲಿ ಅಡಿಷನಲ್ ಮ್ಯಾಥಮೆಟಿಕ್ಸ್ ಒಂದು ಮತ್ತು ಎರಡು ಅಂತಾಯ್ತು. ಪಾಸಾಗಲೇಬೇಕು, ಅಂಕ ಮಾತ್ರ ಕ್ಲಾಸಿಗೆ ಸೇರಲ್ಲ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದರಲ್ಲೊಂದು ತಮಾಷೆ ಇದೆ. ಮೂರನೇ ಸೆಮಿಸ್ಟರ್‌ನಲ್ಲಿ ಬೆಳಿಗ್ಗೆ ಇಂಟಿಗ್ರೇಶನ್ ಬೇಕಾಗುವ ಮುಖ್ಯ ಪೇಪರ್, ಮಧ್ಯಾಹ್ನ ಇಂಟಿಗ್ರೇಶನ್ ಕಲಿಸುವ ಡಿಪ್ಲೊಮಾ ಪೇಪರ್. ಈಜು ಕಲಿಸೋಕೂ ಕೆರೆಗೆ ತಳ್ಳೋಕೂ ಒಂದೇ ದಿನ ಗೊತ್ತು ಮಾಡಿದ ಹಾಗೆ.

ನಾನು ಎರಡರಲ್ಲೂ ಫೇಲಾದೆ. ಮುಖ್ಯ ಪೇಪರಿನಲ್ಲಿ ನೂರಕ್ಕೆ 22. ಪಾಸಿಗೆ 35 ಬೇಕಿತ್ತು. ಪಾಲಿಟೆಕ್ನಿಕ್‌ನಲ್ಲಿ ಡಿಸ್ಟಿಂಕ್ಷನ್ ತಗೊಂಡವನು ನಾನು! ಮನೆಗೆ ಹೇಳಲಿಲ್ಲ. ಅಪ್ಪ ಫೋನ್ ಮಾಡಿದಾಗೆಲ್ಲ "ರಿಸಲ್ಟ್ ಇನ್ನೂ ಬಂದಿಲ್ಲಪ್ಪ" ಅಂತ ಎರಡು ತಿಂಗಳು ತಳ್ಳಿದೆ. ಬ್ಯಾಕ್‌ಲಾಗ್ ತೆಗೆಯೋಕೆ ಒಂದು ವರ್ಷ ಹಿಡೀತು. ಆ ವರ್ಷ ಪ್ರೋಗ್ರಾಮಿಂಗ್ ಕಲಿಯಬೇಕಾಗಿದ್ದ ಸಂಜೆಗಳೆಲ್ಲ ಹಳೇ ಪ್ರಶ್ನೆಪತ್ರಿಕೆಗೆ ಹೋದವು. ಪ್ಲೇಸ್‌ಮೆಂಟಿಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್ ಬಾಕಿ ಇದ್ದವರನ್ನ ಕೂರಿಸೋದೇ ಇಲ್ಲ. ನನ್ನದು ಅಷ್ಟರೊಳಗೆ ಮುಗೀತು, ಬಚಾವಾದೆ. ಜೊತೆಗೆ ಲ್ಯಾಟರಲ್‌ನಲ್ಲಿ ಸೇರಿದ ಗೆಳೆಯನೊಬ್ಬನದು ಮುಗೀಲಿಲ್ಲ. ಅವನು ನನಗಿಂತ ಚೆನ್ನಾಗಿ ಕೋಡ್ ಬರೀತಿದ್ದ.

ಈಗ ಕೆಲಸ ಮಾಡೋ ಟೀಮಿನಲ್ಲಿ ಅಮೆರಿಕದ ಒಬ್ಬರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ಯೂನಿವರ್ಸಿಟಿಗೆ ವರ್ಗವಾದವರು. ಅಲ್ಲಿ ಅಸಿಸ್ಟ್ ಅನ್ನೋ ಸರ್ಕಾರಿ ವೆಬ್‌ಸೈಟ್ ಇದೆ. ಈ ಕಾಲೇಜಿನ ಈ ವಿಷಯ ಓದಿದ್ರೆ ಆ ಯೂನಿವರ್ಸಿಟಿಯ ಯಾವ ವಿಷಯಕ್ಕೆ ಸಮ ಅಂತ ಅದರಲ್ಲಿ ಮೊದಲೇ ನೋಡಿಕೊಳ್ಳಬಹುದು. "ನೀನು ಹೇಗೆ ಪ್ಲಾನ್ ಮಾಡಿದೆ?" ಅಂತ ಕೇಳಿದ್ರು. ಪ್ಲಾನಾ? ನಾನು ಪುಸ್ತಕ ಮಾರಿ ಸಿನಿಮಾ ನೋಡಿದ್ದೆ.

ಅಂಥ ಪಟ್ಟಿ ನಮಗೆ ನಾವೇ ಮಾಡಿಕೊಳ್ಳಬಹುದು, ಒಂದು ಭಾನುವಾರದ ಕೆಲಸ. ಆ ರಾತ್ರಿ ತಮ್ಮನ ಜೊತೆ ಕೂತು ಅದನ್ನೇ ಮಾಡಿದೆ. ತಾಂತ್ರಿಕ ಶಿಕ್ಷಣ ಇಲಾಖೆಯ ಸಿ-20 ಡಿಪ್ಲೊಮಾ ಸಿಲಬಸ್ ಒಂದು ಕಡೆ, ವಿಟಿಯು 2022ರ ಸ್ಕೀಮ್ ಇನ್ನೊಂದು ಕಡೆ. ಎರಡೂ ಪಿಡಿಎಫ್ ಫೋನಿನಲ್ಲೇ ಸಿಗುತ್ತವೆ. ಅವನು ಓದಿದ ಇಂಜಿನಿಯರಿಂಗ್ ಮ್ಯಾಥ್ಸ್‌ನಲ್ಲಿ ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಡಿಫರೆನ್ಶಿಯೇಶನ್, ಇಂಟಿಗ್ರೇಶನ್ ಎಲ್ಲಾ ಇದೆ. ವಿಟಿಯು ಕಡೆ ನೋಡಿದ್ರೆ ಕಂಪ್ಯೂಟರ್ ಸೈನ್ಸ್‌ನವರಿಗೆ ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ಕಾಲದ ಫೋರಿಯರ್ ಇಲ್ಲ, ಬದಲಿಗೆ ಪ್ರಾಬಬಿಲಿಟಿ, ಮಾರ್ಕೋವ್ ಚೈನ್ ಬಂದಿವೆ. ತಮ್ಮನಿಗೆ ಖುಷಿಯಾಯ್ತು, "ಹಂಗಾರ ಇಂಟಿಗ್ರೇಶನ್ ಬ್ಯಾಡ ಬಿಡಣ್ಣ!" ಅಂದ. ಕಂಟಿನ್ಯೂಯಸ್ ಡಿಸ್ಟ್ರಿಬ್ಯೂಶನ್ ಅನ್ನೋ ಪಾಠ ತೆಗೆದು ತೋರಿಸಿದೆ. ಅಲ್ಲೂ ಅದೇ ಉದ್ದ ಎಸ್ ಅಕ್ಷರ ನಿಂತಿತ್ತು.

ಸ್ವಾಯತ್ತ ಕಾಲೇಜುಗಳ ಕಡೆ ಕಣ್ಣಿದ್ದವರು ಆ ಕಾಲೇಜಿನದೇ ಸಿಲಬಸ್ ನೋಡಬೇಕು, ಅಲ್ಲಿ ವಿಟಿಯು ಪಟ್ಟಿ ನಡೆಯಲ್ಲ. ಹೂವಿನಹಡಗಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿಟಿಯುದೇ ಸಿಲಬಸ್, ವಿಟಿಯುದೇ ಪ್ರಶ್ನೆಪತ್ರಿಕೆ. ಊರಿನ ಹತ್ತಿರ ಓದಿದ್ರೆ ಕಡಿಮೆ ಅನ್ನೋ ಭ್ರಮೆ ನನಗಿತ್ತು. ರೂಮ್ ಬಾಡಿಗೆ, ಮೆಸ್ ದುಡ್ಡು ಲೆಕ್ಕ ಹಾಕಿದಾಗ ಈಗ ಹಾಗನಿಸಲ್ಲ.

ಏನು ಓದಬೇಕು ಅಂದ್ರೆ, ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ, ಎರಡನೇ ಭಾಗ. ಅದರಲ್ಲಿ ಇಂಟಿಗ್ರಲ್ಸ್ ಏಳನೇ ಪಾಠ. ಪಿಡಿಎಫ್ ಉಚಿತ. ದಿನಕ್ಕೆ ಮೂರು ಲೆಕ್ಕ ಸಾಕು, ಆದರೆ ಡಿಪ್ಲೊಮಾ ಎರಡನೇ, ಮೂರನೇ ವರ್ಷ ಬಿಡದೆ ಮಾಡಬೇಕು. ಡಿಸಿಇಟಿಗೂ ಇದು ದಂಡವಲ್ಲ. ನಮ್ಮ ಕಾಲದಲ್ಲಿ ಬ್ರಾಂಚಿಗೊಂದು ಪೇಪರ್ ಇತ್ತು. ಸಿ-20 ಸಿಲಬಸ್‌ನವರಿಗೆ ಎಲ್ಲ ಬ್ರಾಂಚಿಗೂ ಒಂದೇ ಪೇಪರ್ ಬಂತು, ಅದರಲ್ಲಿ ಇಂಜಿನಿಯರಿಂಗ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಎರಡೂ ಇವೆ. ಅಂದ್ರೆ ಮೊದಲ ವರ್ಷ ಓದಿ ಮರೆತದ್ದನ್ನೇ ಮೂರನೇ ವರ್ಷ ಕೇಳ್ತಾರೆ.

ಇನ್ನೊಂದು, ಮ್ಯಾಥ್ಸ್‌ಗೆ ಸಂಬಂಧವಿಲ್ಲದ ಮಾತು. 371ಜೆ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70%, ರಾಜ್ಯದ ಉಳಿದ ಕಡೆ 8% ಸೀಟು ಮೀಸಲು. ಎಸಿ ಕಚೇರಿಯಿಂದ ಸಿಗುವ ಆ ಕಾಗದ ಕೌನ್ಸೆಲಿಂಗ್ ಹತ್ತಿರ ಬಂದಾಗ ಹುಡುಕಿದ್ರೆ ಪರದಾಟ. ನನ್ನ ಬ್ಯಾಚಿನಲ್ಲಿ ಹರಪನಹಳ್ಳಿಯ ಗೆಳೆಯನಿಗೆ ಈ ಸೌಲಭ್ಯವೇ ಇರಲಿಲ್ಲ. ನಮ್ಮೂರಿಗೂ ಅವನೂರಿಗೂ ಒಂದು ಬಸ್ಸಿನ ದೂರ ಅಷ್ಟೇ. 1997ರಲ್ಲಿ ಅವರ ತಾಲೂಕು ದಾವಣಗೆರೆ ಜಿಲ್ಲೆಗೆ ಸೇರಿತ್ತು, ಅದಕ್ಕೆ ಹೊರಗುಳಿದ. ಬಳ್ಳಾರಿಗೆ ಮರಳಿ, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬರುವ ಹೊತ್ತಿಗೆ ಆ ತಾಲೂಕಿಗೂ ಸೌಲಭ್ಯ ಸಿಕ್ಕಿತ್ತು. ಅಷ್ಟರಲ್ಲಿ ಅವನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ತಮ್ಮ ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ಮೂರು ಲೆಕ್ಕದ ಫೋಟೋ ಕಳಿಸ್ತಾನೆ. ಪುಸ್ತಕ ಕೊಟ್ಟಿಲ್ಲ, ಜೂನಿಯರ್‌ಗೆ ಜೆರಾಕ್ಸ್ ಮಾಡಿಸಿಕೊಟ್ಟನಂತೆ. ನಿನ್ನೆಯ ಮೂರರಲ್ಲಿ ಎರಡು ಸರಿ ಇತ್ತು. ಮೂರನೆಯದರ ಕೊನೆಗೆ ಪ್ಲಸ್ ಸಿ ಬಿಟ್ಟಿದ್ದ.